ಹದಿಹರೆಯದ ಮಕ್ಕಳ ಹತ್ರ ‘ಆ ವಿಷ್ಯ’ ಮಾತಾಡೋದು ಹೆಂಗೆ? ಆಶಾ, ಸಿಸ್ಟರ್, ವಾರ್ಡನ್, ಮೇಷ್ಟ್ರುಗಳಿಗೆ ಒಂದಿಷ್ಟು

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆ ಹೊಸದಾಗಿ ಕೆಲ್ಸಕ್ಕೆ ಸೇರಿರೋ ಸಿಸ್ಟರ್‌ಗಳು, ಆಶಾಗಳು, ಹಾಸ್ಟೆಲ್ ವಾರ್ಡನ್‌ಗಳು ಸಿಕ್ಕಾಗೆಲ್ಲಾ ಕೇಳೋದು ಇದೇ. ಹೈಸ್ಕೂಲು ಪಿಯುಸಿ ಮಕ್ಕಳ ಹತ್ರ ಮುಟ್ಟು, ಲವ್ವು, ಗರ್ಭ ಇವನ್ನೆಲ್ಲಾ ಹೆಂಗ್ರೀ ಮಾತಾಡೋದು, ನಾವು ಬಾಯಿ ತೆಗೆದ್ರೆ ಸಾಕು ಅವು ತಲೆ ಬಗ್ಗಿಸಿ ಕಾಲ್ಬೆರಳು ನೋಡ್ಕೊಂಡು ನಿಂತ್ಬಿಡ್ತಾವೆ ಅಂತ. ಟ್ರೈನಿಂಗಲ್ಲಿ ಚಾರ್ಟ್ ಕೊಟ್ಟಿರ್ತಾರೆ, ಪುಸ್ತಕ ಕೊಟ್ಟಿರ್ತಾರೆ, ಗರ್ಭಕೋಶದ ಚಿತ್ರಾನೂ ಇರ್ತತಿ, ಆದ್ರೆ ಎದುರಿಗೆ ಕೂತಿರೋ ಹದಿನಾರು ವರ್ಷದ ಹುಡುಗಿ ಬಾಯೇ ಬಿಡದಿದ್ರೆ ಚಾರ್ಟ್ ತಗೊಂಡು ಏನ್ ಮಾಡೋದು. ಅದಕ್ಕೆ ಈ ಕೆಲ್ಸದಲ್ಲಿ ನಂಗೆ ಗೊತ್ತಾಗಿದ್ದನ್ನ ಇಲ್ಲಿ ಹಾಕ್ತಿದೀನಿ.

ಮೊದ್ಲು ಇದು ತಲೇಲಿರ್ಲಿ, ಈ ವಯಸ್ಸಿನವ್ರು ಯಾರೂ ನೇರವಾಗಿ ವಿಷ್ಯಕ್ಕೆ ಬರಲ್ಲ. ಸುಸ್ತು ಅಂತ ಬರ್ತಾರೆ, ತಲೆನೋವು ಅಂತಾರೆ, ಮೊಡವೆಗೆ ಏನಾದ್ರೂ ಕೊಡ್ರಿ ಅಂತಾರೆ. ಜಗಳೂರು ಕಡೆಯಿಂದ ದಿನಾ ಬಸ್ಸಲ್ಲಿ ದಾವಣಗೆರೆಗೆ ಓಡಾಡೋ ಪಿಯುಸಿ ಹುಡುಗಿ ಅಂತ ಇಟ್ಕೊಳ್ಳಿ, ಬಿಪಿ ನೋಡಿಸ್ಕೊತಾಳೆ, ರಕ್ತ ಚೆಕ್ ಮಾಡಿಸ್ಕೊತಾಳೆ, ಮಾತ್ರೆನೂ ತಗೊಂಡು ಬ್ಯಾಗಿಗೆ ಹಾಕ್ಕೊತಾಳೆ, ಬಾಗ್ಲ ತನಕ ಹೋದೋಳು ತಿರುಗಿ ನಿಂತು “ಅಕ್ಕಾ, ಇನ್ನೊಂದ್ ವಿಷ್ಯ, ನನ್ ಫ್ರೆಂಡಿಗೆ ಎರಡು ತಿಂಗ್ಳಿಂದ ಡೇಟ್ ಆಗಿಲ್ಲ, ಏನಾದ್ರೂ ಪ್ರಾಬ್ಲಮ್ಮಾ” ಅಂತಾಳೆ. ಅವಳು ಬಂದಿದ್ದೇ ಅದಕ್ಕೆ. ಆಗ ನೀವು “ಫ್ರೆಂಡಿಗಾ, ನಿಂಗಾ?” ಅಂತ ಕಣ್ಣು ಸಣ್ಣ ಮಾಡಿ ಕೇಳಿದ್ರೋ ಮುಗೀತು, ಮತ್ತೆ ಆ ಕಡೆ ತಲೆ ಹಾಕಲ್ಲ. ಫ್ರೆಂಡ್ ಅಂದ್ರೆ ಫ್ರೆಂಡ್ ಅಂತಾನೇ ಇಟ್ಕೊಂಡು ಮಾತು ಮುಂದುವರಿಸ್ರಿ. “ಬಾ ಕೂತ್ಕೋ. ನಿನ್ ಫ್ರೆಂಡಿಗೆ ಎಷ್ಟು ವಯಸ್ಸು? ಅವಳಿಗೆ ಮೊದ್ಲಿಂದ್ಲೂ ಡೇಟ್ ಹಿಂದೆ ಮುಂದೆ ಆಗ್ತಿತ್ತಾ, ಇಲ್ಲ ಈಗಷ್ಟೇನಾ? ಅವಳಿಗೇನಾದ್ರೂ ಭಯ ಇದೆಯಾ?” ಹಿಂಗೆ ಕೇಳ್ತಾ ಹೋದ್ರೆ ಮೂರ್ನಾಲ್ಕು ಮಾತಾದ್ಮೇಲೆ ಅವಳೇ “ಅವಳಿಗೆ” ಬಿಟ್ಟು “ನಂಗೆ” ಅಂತ ಶುರು ಮಾಡ್ತಾಳೆ. ಮಾಡದಿದ್ರೂ ಪರ್ವಾಗಿಲ್ಲ, ಏನ್ ಮಾಡ್ಬೇಕು ಅನ್ನೋದು ಅವಳ ಕಿವಿಗೆ ಬಿತ್ತಲ್ಲ.

ಕೂರೋ ಜಾಗ ನೋಡ್ಕೊಳ್ರಿ. ಸರ್ಕಾರದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರ ಜನವರಿಯಲ್ಲಿ ಶುರುವಾಯ್ತು, 10ರಿಂದ 19 ವರ್ಷದವರಿಗೆ ಅಂತಾನೇ ಇರೋದು, ಅದರ ಕೆಳಗೆ ನಮ್ಮ ಕಡೆ ಸ್ನೇಹ ಕ್ಲಿನಿಕ್ ಅಂತ ನಡೆಸ್ತಾರೆ. ಐಡಿಯಾ ಚೆನ್ನಾಗೈತೆ. ಆದ್ರೆ ಆ ಬೋರ್ಡಿನ ಕೆಳಗಿರೋ ರೂಮಿಗೆ ಹುಡುಗಿ ಹೋಗೋದನ್ನ ಓಪಿಡಿ ಕ್ಯೂನಲ್ಲಿ ನಿಂತಿರೋ ಪಕ್ಕದ್ಮನೆ ಆಂಟಿ ನೋಡಿದ್ರೆ ಸಂಜೆ ಒಳಗೆ ಊರಿಗೆಲ್ಲಾ ಸುದ್ದಿ. ಅದಕ್ಕೆ ಆ ರೂಮಲ್ಲೇ ತೂಕ, ಎತ್ತರ, ಹಿಮೋಗ್ಲೋಬಿನ್, ಕಣ್ಣಿನ ಚೆಕಪ್ಪು ಎಲ್ಲಾ ಇಡ್ರಿ, ಎಲ್ಲಾ ಮಕ್ಕಳೂ ಅಲ್ಲಿಗೇ ಹೋಗ್ತಾರೆ ಅಂತಾದ್ರೆ ಯಾರು ಯಾಕೆ ಹೋದ್ರು ಅಂತ ಯಾರೂ ಲೆಕ್ಕ ಇಡಲ್ಲ. ಟೈಮೂ ಅಷ್ಟೇ, ಬೆಳಿಗ್ಗೆ ಹತ್ತು ಗಂಟೆಗೆ ಕ್ಲಿನಿಕ್ ಇಟ್ರೆ ಕಾಲೇಜ್ ಬಿಟ್ಟು ಯಾರು ಬರ್ತಾರ್ರೀ. ಸಂಜೆ ಕ್ಲಾಸ್ ಬಿಟ್ಟ ಮೇಲೆ, ಆದ್ರೆ ಹಳ್ಳಿ ಬಸ್ ಹೊರಡೋದ್ರೊಳಗೆ, ಆ ಸಂದಿನಲ್ಲಿ ಸಿಕ್ಕಿದ್ದಷ್ಟೇ. ಟೇಬಲ್ ಮಧ್ಯೆ ಇಟ್ಕೊಂಡು ಎದುರಾ ಬದುರು ಕೂರೋದಕ್ಕಿಂತ ಮೂಲೆಗೆ ಎರಡು ಕುರ್ಚಿ ಹಾಕಿ ಓರೆಯಾಗಿ ಕೂತ್ರೆ ಮಾತು ಬೇಗ ಬರ್ತತಿ, ಒಬ್ಬರ ಮುಖ ಒಬ್ರು ನೋಡ್ಲೇಬೇಕು ಅಂತಿರಲ್ಲ. ಮಾತಾಡ್ತಾ ಮಾತಾಡ್ತಾ ರಿಜಿಸ್ಟರ್ ಬರೀಬೇಡ್ರಿ, ಪೆನ್ನು ಓಡಿದ್ ಕೂಡ್ಲೇ ಬಾಯಿ ನಿಲ್ಲುತ್ತೆ.

ಅಮ್ಮ ಜೊತೆಗೆ ಬಂದಿದ್ರೆ? ಬಹಳ ಸಲ ಬಂದಿರ್ತಾರೆ, ನಾವು ಕೇಳಿದ್ದಕ್ಕೆಲ್ಲಾ ಅಮ್ಮಾರೇ ಉತ್ತರ ಹೇಳ್ತಾರೆ. “ನೀವು ಹೊರಗೆ ಹೋಗ್ರಿ” ಅಂದ್ರೆ ಅವರಿಗೆ ಬೇಜಾರಾಗುತ್ತೆ, ಅನುಮಾನಾನೂ ಬರುತ್ತೆ. “ಅಮ್ಮಾರೇ, ಈ ವಯಸ್ಸಿನ ಮಕ್ಕಳು ಯಾರು ಬಂದ್ರೂ ಒಂದು ಹತ್ತು ನಿಮಿಷ ಅವರೊಬ್ರನ್ನೇ ಮಾತಾಡಿಸ್ತೀವಿ, ನಮ್ಮಲ್ಲಿ ರೂಲ್ಸೇ ಹಂಗೆ, ಆಮೇಲೆ ನಿಮ್ಮನ್ನೂ ಕರೀತೀನಿ, ಮನೇಲಿ ಊಟ ಗೀಟ ಹೆಂಗೆ ಅಂತ ನಿಮ್ಮ ಹತ್ರಾನೂ ಕೇಳೋದೈತಿ” ಅಂದ್ರೆ ಆರಾಮಾಗಿ ಎದ್ದು ಹೋಗ್ತಾರೆ. ಆಮೇಲೆ ಕರೀರಿ ಮತ್ತೆ, ಮರೀಬೇಡ್ರಿ. ಕರೆದಾಗ ಅಮ್ಮನ ಮುಂದೆ ಏನು ಹೇಳ್ಬಹುದು ಏನು ಹೇಳ್ಬಾರ್ದು ಅಂತ ಮಗಳನ್ನ ಮೊದ್ಲೇ ಕೇಳಿ ಇಟ್ಕೊಂಡಿರ್ಬೇಕು.

ಇನ್ನು ಬಹಳ ಜನ ಜಾರೋ ಜಾಗ, ಇಲ್ಲಿ ಸ್ವಲ್ಪ ಜಾಸ್ತಿನೇ ಬರೀತೀನಿ. “ನೀನು ಏನ್ ಹೇಳಿದ್ರೂ ನಾನು ಯಾರಿಗೂ ಹೇಳಲ್ಲ, ದೇವ್ರಾಣೆ” ಅಂತ ಶುರು ಮಾಡ್ತಾರೆ. ಈ ಮಾತನ್ನ ಕೊಡೋ ಹಕ್ಕೇ ನಮಗಿಲ್ಲ. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋಕೆ ಅಂತ ಇರೋ 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ವರ್ಷ ತುಂಬದೋರೆಲ್ಲಾ ಮಕ್ಕಳು, ಅವರ ಜೊತೆ ಲೈಂಗಿಕ ಸಂಪರ್ಕ ಆಗಿದ್ರೆ ಹುಡುಗಿ ಒಪ್ಪಿದ್ಲು ಅನ್ನೋದು ಕಾನೂನಿನ ಲೆಕ್ಕಕ್ಕೆ ಬರಲ್ಲ, ಮತ್ತೆ ಅದು ಗೊತ್ತಾದ ಯಾರೇ ಆಗ್ಲಿ ಪೊಲೀಸರಿಗೆ ತಿಳಿಸ್ಲೇಬೇಕು ಅಂತ 19ನೇ ಸೆಕ್ಷನ್ ಹೇಳುತ್ತೆ. ತಿಳಿಸದಿದ್ರೆ 21ನೇ ಸೆಕ್ಷನ್ನಲ್ಲಿ ಆರು ತಿಂಗಳ ತನಕ ಜೈಲು ಅಥವಾ ದಂಡ ಅಥವಾ ಎರಡೂ, ಸಂಸ್ಥೆ ನಡೆಸೋರಿಗೆ ಒಂದು ವರ್ಷದ ತನಕ ಐತೆ. ಡಾಕ್ಟರು, ಸಿಸ್ಟರು, ಮೇಷ್ಟ್ರು, ವಾರ್ಡನ್ನು ಯಾರಿಗೂ ವಿನಾಯ್ತಿ ಇಲ್ಲ. ಹುಡುಗಿ ನಿಮ್ಮ ಆಣೆ ನಂಬಿ ಎಲ್ಲಾ ಹೇಳಿ, ಆಮೇಲೆ ನೀವು ಫೋನ್ ಎತ್ಕೊಂಡ್ರೆ ಅವಳ ಪಾಲಿಗೆ ದೊಡ್ಡೋರೆಲ್ಲಾ ಒಂದೇ ಅಂತಾಗ್ಬಿಡುತ್ತೆ.

ಹಂಗಾಗಿ ಗುಟ್ಟಿನ ಗಡಿ ಎಲ್ಲೀತನಕ ಅಂತ ಅವಳು ಬಾಯಿ ಬಿಡೋಕೆ ಮುಂಚೆನೇ ಹೇಳಿಬಿಡ್ರಿ, ಅದೂ ಹೆದರಿಸೋ ಥರ ಅಲ್ಲ, ಮಾಮೂಲಿ ದನೀಲಿ. ನಾನು ಹೇಳೋದು ಹೆಚ್ಚುಕಮ್ಮಿ ಹಿಂಗಿರುತ್ತೆ: “ನೋಡು ತಂಗಿ, ನೀನು ಹೇಳೋದು ನಿಮ್ಮ ಮನೆಯವರಿಗಾಗ್ಲಿ ಕ್ಲಾಸ್ ಟೀಚರಿಗಾಗ್ಲಿ ನಾನಾಗಿ ಹೋಗಿ ಹೇಳಲ್ಲ. ಆದ್ರೆ ಮೂರು ವಿಷ್ಯ ಮಾತ್ರ ನಾನೊಬ್ಳೇ ಹೊಟ್ಟೇಲಿ ಇಟ್ಕೊಳ್ಳೋಕಾಗಲ್ಲ. ನಿನ್ನ ಜೀವಕ್ಕೆ ಅಪಾಯ ಇದ್ರೆ, ಯಾರಾದ್ರೂ ನಿಂಗೆ ಹಿಂಸೆ ಕೊಡ್ತಿದ್ರೆ, ಇನ್ನೊಂದು 18 ಆಗೋದ್ರೊಳಗೆ ದೈಹಿಕ ಸಂಬಂಧ ಆಗಿದ್ರೆ, ಇವು ಕಾನೂನಿಗೆ ಸೇರಿದ್ದು. ಅಂಥದ್ದೇನಾದ್ರೂ ಇದ್ರೆ ಮುಂದೇನು ಅಂತ ಮೊದ್ಲು ನಿಂಗೇ ಹೇಳ್ತೀನಿ, ನಿಂಗೆ ಗೊತ್ತಿಲ್ದಂಗೆ ಏನೂ ಮಾಡಲ್ಲ.” ಇಷ್ಟು ಕೇಳಿದ್ಮೇಲೆ ಕೆಲವ್ರು ಸುಮ್ಮನಾಗ್ತಾರೆ, ಆಗ್ಲಿ ಬಿಡ್ರಿ, ಯೋಚನೆ ಮಾಡಿ ಆಮೇಲೆ ಬರೋರೂ ಅದಾರೆ. ಹದಿನೇಳರ ಹುಡುಗಿ ಹದಿನೆಂಟರ ಹುಡುಗ ಇಬ್ರೂ ಇಷ್ಟಪಟ್ಟಿರೋ ಕೇಸಿಗೂ ಅದೇ ಕಾನೂನು ಅನ್ನೋದು ಈ ಕೆಲ್ಸ ಮಾಡೋರಿಗೆ ತಲೆನೋವೇ, ನಂಗೂ ಅದು ಸರಿ ಅನ್ಸಲ್ಲ, ಆದ್ರೆ ಕಾನೂನು ಇರೋ ತನಕ ಮಕ್ಕಳಿಗೆ ಅದನ್ನ ಮುಚ್ಚಿಟ್ಟು ಮಾತಾಡ್ಸೋದು ಇನ್ನೂ ತಪ್ಪು. 18, 19 ಆದೋರ ವಿಷ್ಯ ಬೇರೆ, ಅವರು ತಾವೇ ಒಪ್ಪಿ ಮಾಡಿದ್ದಕ್ಕೆ ಯಾರಿಗೂ ರಿಪೋರ್ಟ್ ಮಾಡೋದಿರಲ್ಲ, ಅಲ್ಲಿ ಗುಟ್ಟು ಪೂರ್ತಿ ಗುಟ್ಟೇ. ಮೊದ್ಲು ವಯಸ್ಸು ಕೇಳ್ರಿ ಅನ್ನೋದು ಇದಕ್ಕೇ.

ಇದರ ಜೊತೆಗೆ ಗೊತ್ತಿರ್ಬೇಕಾದ್ದು, ಲೈಂಗಿಕ ಹಿಂಸೆ ಆಗಿ ಬಂದೋಳಿಗೆ ಆಸ್ಪತ್ರೇಲಿ ಚಿಕಿತ್ಸೆ ಮೊದ್ಲು, ಎಫ್‌ಐಆರ್ ತಗೊಂಡ್ ಬಾ ಅನ್ನಂಗಿಲ್ಲ. ಗರ್ಭ ನಿಲ್ಲದಂಗೆ ತಡೆಯೋ ಮಾತ್ರೆ 72 ಗಂಟೆ ಒಳಗೆ ತಗೋಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಎಚ್‌ಐವಿ ತಡೆಯೋ ಔಷಧಿನೂ 72 ಗಂಟೆ ಒಳಗೇ ಶುರು ಆಗ್ಬೇಕು. ಅದಕ್ಕೆ “ನಾಳೆ ಅಮ್ಮನ್ನ ಕರ್ಕೊಂಡು ಬಾ” ಅಂತ ವಾಪಸ್ ಕಳಿಸ್ಬೇಡ್ರಿ. ಗರ್ಭ ನಿಂತೇ ಬಿಟ್ಟಿದ್ರೆ, 18ರೊಳಗಿನೋರಿಗೆ ಗರ್ಭಪಾತಕ್ಕೆ ಪೋಷಕರ ಬರಹದ ಒಪ್ಪಿಗೆ ಬೇಕು, 20 ವಾರದ ತನಕ ಒಬ್ರು ಡಾಕ್ಟರ್, 2021ರ ತಿದ್ದುಪಡಿ ಆದ್ಮೇಲೆ ಈ ವಯಸ್ಸಿನೋರಿಗೆ 24 ವಾರದ ತನಕ ಇಬ್ರು ಡಾಕ್ಟರ ಅಭಿಪ್ರಾಯದ ಮೇಲೆ ಮಾಡ್ಬಹುದು. ಪೊಲೀಸರಿಗೆ ತಿಳಿಸುವಾಗ ಹುಡುಗಿ ಮತ್ತು ಪೋಷಕರು ಕೇಳ್ಕೊಂಡ್ರೆ ಡಾಕ್ಟರು ಹುಡುಗಿ ಹೆಸರು ವಿಳಾಸ ಕೊಡೋ ಅಗತ್ಯ ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಲ್ಲಿ ಹೇಳಿದೆ. ಇದು ಗೊತ್ತಿಲ್ದೇ ಹೆದರ್ಕೊಂಡು ಎಲ್ಲೋ ಗುಟ್ಟಾಗಿ ಮಾತ್ರೆ ನುಂಗಿ ರಕ್ತಸ್ರಾವ ಮಾಡ್ಕೊಳ್ಳೋರು ಇರ್ತಾರೆ, ಹಂಗಾಗಿ ಈ ಒಂದು ಮಾತು ಕಿವಿಗೆ ಬಿದ್ದಿರ್ಲಿ.

ಮುಟ್ಟಿನ ವಿಷ್ಯಕ್ಕೆ ಬರೋಣ, ದಿನಾ ಬರೋ ಪ್ರಶ್ನೆಗಳು ಇಲ್ಲೇ ಜಾಸ್ತಿ. ಅವರು ಏನ್ ಪದ ಬಳಸ್ತಾರೋ ಅದನ್ನೇ ಬಳಸ್ರಿ, ಹೊರಗಾಗೋದು ಅಂದ್ರೆ ಹೊರಗಾಗೋದು, ಡೇಟ್ ಅಂದ್ರೆ ಡೇಟ್, ಮಧ್ಯೆ ಮಧ್ಯೆ ಸರಿಯಾದ ಹೆಸರೂ ಸೇರಿಸ್ತಾ ಹೋಗ್ರಿ. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಸರಿಯಾಗಿ ತಿಂಗಳಿಗೊಂದು ಸಲ ಬರಲ್ಲ, 21 ದಿನಕ್ಕೂ ಬರ್ಬಹುದು 45 ದಿನಕ್ಕೂ ಬರ್ಬಹುದು, ಅದಕ್ಕೆ ಗಾಬರಿ ಬೇಡ. ಆದ್ರೆ ಏಳು ದಿನ ದಾಟಿ ಹೋಗ್ತಿದ್ರೆ, ಗಂಟೆ ಎರಡು ಗಂಟೆಗೊಂದು ಪ್ಯಾಡ್ ಪೂರ್ತಿ ತೋಯ್ತಿದ್ರೆ, 15 ವರ್ಷ ತುಂಬಿದ್ರೂ ಮೈನೆರೆದೇ ಇಲ್ಲ ಅಂದ್ರೆ, ನೋವಿಗೆ ತಿಂಗ್ಳಾ ತಿಂಗ್ಳಾ ಸ್ಕೂಲ್ ತಪ್ಪಿಸ್ತಿದ್ರೆ ಡಾಕ್ಟರ್ ಹತ್ರ ಕಳಿಸ್ಲೇಬೇಕು. “ಮದ್ವೆ ಆದ್ರೆ ಎಲ್ಲಾ ಸರಿ ಹೋಗುತ್ತೆ” ಅನ್ನೋ ಮಾತನ್ನ ದಯವಿಟ್ಟು ನಾವಾದ್ರೂ ಹೇಳೋದು ಬೇಡ. ಬಿಳುಪು ಹೋಗೋದಕ್ಕೂ ಬಹಳ ಹೆದರ್ತಾರೆ, ಮೈಯಲ್ಲಿರೋ ಶಕ್ತಿ ಎಲ್ಲಾ ಕರಗಿ ಹೋಗ್ತಿದೆ ಅಂತ. ತಿಳಿಯಾಗಿ, ವಾಸನೆ ಇಲ್ದೇ ಇದ್ರೆ ಅದು ಮಾಮೂಲಿ. ಕಡಿತ, ಕೆಟ್ಟ ವಾಸನೆ, ಹಳದಿ ಹಸಿರು ಬಣ್ಣ ಅಥವಾ ಮೊಸರು ಒಡೆದಂಗೆ ಬರ್ತಿದ್ರೆ ಮಾತ್ರ ಔಷಧಿ ಬೇಕು.

ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆ ಹತ್ರ ಬಂತಂದ್ರೆ ಇನ್ನೊಂದು ಡಿಮ್ಯಾಂಡು, ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಕೊಡ್ರಿ ಅಂತ. ಕೆಲವು ಸಲ ಅಮ್ಮನೇ ಮೆಡಿಕಲ್ ಶಾಪಿಂದ ತಂದು ಕೊಟ್ಟಿರ್ತಾರೆ. ಬೈದು ಕಳಿಸಿದ್ರೆ ಅಂಗಡಿಗೆ ಹೋಗೇ ಹೋಗ್ತಾರೆ, ಆಮೇಲೆ ಹಬ್ಬಕ್ಕೊಂದು ಮದುವೆಗೊಂದು ಅಂತ ಅದೇ ಅಭ್ಯಾಸ ಆಗುತ್ತೆ. ಅದು ಹಾರ್ಮೋನ್ ಮಾತ್ರೆ, ಕಾಮಾಲೆ ಆಗಿದ್ದೋರು, ರಕ್ತ ಹೆಪ್ಪುಗಟ್ಟೋ ತೊಂದ್ರೆ ಇರೋರು ತಗೋಬಾರ್ದು, ಡಾಕ್ಟರನ್ನ ಕೇಳದೇ ತಗೊಳ್ಳೋದು ಬೇಡ, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತೆ, ಇಷ್ಟನ್ನ ಶಾಂತವಾಗಿ ಹೇಳಿದ್ರೆ ಅರ್ಧ ಜನ ತಾವೇ ಬೇಡ ಅಂತಾರೆ. ಚಳ್ಳಕೆರೆ ಹಿರಿಯೂರು ಕಡೆ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದೋರು ಊರ ಹೊರಗೆ ಇರೋ ಪದ್ಧತಿ ಇನ್ನೂ ಐತೆ. ಅಲ್ಲಿ ಹೋಗಿ ಮೊದಲ ದಿನಾನೇ “ಇದೆಲ್ಲಾ ಮೂಢನಂಬಿಕೆ” ಅಂತ ಭಾಷಣ ಶುರು ಮಾಡಿದ್ರೆ ಹುಡುಗಿ ನಮಗೂ ಅವಳ ಅಜ್ಜಿಗೂ ಮಧ್ಯೆ ಸಿಕ್ಕಾಕೊತಾಳೆ. “ರಾತ್ರಿ ಎಲ್ಲಿ ಮಲಗ್ತೀಯ, ಜೊತೆಗೆ ಯಾರಿರ್ತಾರೆ, ಪ್ಯಾಡ್ ಬದಲಾಯಿಸೋಕೆ ನೀರು, ಮರೆ ಐತಾ, ಆ ದಿನಗಳಲ್ಲಿ ಸ್ಕೂಲಿಗೆ ಕಳಿಸ್ತಾರಾ” ಅಂತ ಕೇಳ್ರಿ. ಹಾವು ಚೇಳು, ಚಳಿ, ಒಬ್ಳೇ ಇರೋ ಭಯ, ಪರೀಕ್ಷೆ ತಪ್ಪೋದು, ಇವೆಲ್ಲಾ ಅವಳ ಬಾಯಿಂದ್ಲೇ ಬರ್ತಾವೆ, ಆಮೇಲೆ ಮನೆಯವರ ಹತ್ರ ಮಾತಾಡೋಕೆ ಅದೇ ದಾರಿ.

ನೀಲಿ ಮಾತ್ರೆ ಬಗ್ಗೆ ಒಂದೇ ಮಾತು. ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡ್ತೀವಲ್ಲ, ಅರ್ಧ ಮಕ್ಕಳು ಕಿಟಕಿಯಿಂದ ಆಚೆ ಎಸೀತಾರೆ, ಇದು ಮಕ್ಕಳಾಗದಂಗೆ ಮಾಡೋ ಮಾತ್ರೆ ಅಂತ ಯಾರೋ ಹಬ್ಬಿಸಿರ್ತಾರೆ. ಊಟ ಆದ್ಮೇಲೆ ತಗೊಂಡ್ರೆ ಹೊಟ್ಟೆ ತೊಳಸಲ್ಲ, ಕಕ್ಕಸು ಕಪ್ಪಗೆ ಹೋಗೋದು ಮಾಮೂಲಿ, ಹಿಂದೇ ಟೀ ಕುಡೀಬೇಡ್ರಿ ಅಂತ ಹೇಳಿ, ಅವರ ಮುಂದೆ ನೀವೂ ಒಂದು ನುಂಗಿ ತೋರ್ಸಿ.

ಹುಡುಗ್ರು. ಇವರನ್ನ ಎಲ್ರೂ ಮರೆತಿರ್ತಾರೆ, ಸ್ನೇಹ ಕ್ಲಿನಿಕ್ ಅಂದ್ರೆ ಹುಡುಗೀರದ್ದು ಅನ್ಕೊಂಡು ಅವರೂ ಬರಲ್ಲ. ಅವರಿಗೆ ಪಾಠ ಹೇಳೋದು ಯಾರು? ಬಸ್‌ಸ್ಟ್ಯಾಂಡ್ ಕಾಂಪೌಂಡಿನ ಮೇಲೆ ಬರೆದಿರೋ ‘ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ’ ಜಾಹೀರಾತು, ಆಮೇಲೆ ಮೊಬೈಲಲ್ಲಿ ನೋಡೋ ವಿಡಿಯೋ. ನಿದ್ದೇಲಿ ವೀರ್ಯ ಹೋಯ್ತು, ಕೈಯಾಡಿಸ್ಕೊಂಡೆ, ಅದಕ್ಕೇ ತೂಕ ಇಳೀತಿದೆ, ಓದಿದ್ದು ತಲೇಲಿ ನಿಲ್ತಿಲ್ಲ, ಮುಂದೆ ಮದ್ವೆ ಆಗೋಕೇ ಲಾಯಕ್ಕಿಲ್ಲ ಅಂತ ಒಳಗೊಳಗೇ ಕೊರಗ್ತಿರ್ತಾರೆ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಅಂತ ಯಾರೋ ತಲೇಲಿ ತುಂಬಿರ್ತಾರೆ. ಇದನ್ನ ಕೇಳಿ ನಗಬೇಡ್ರಿ, “ಅಷ್ಟೇನಾ” ಅಂತಾನೂ ಅನ್ಬೇಡ್ರಿ, ಅವನು ವರ್ಷಗಟ್ಲೆ ಹೊತ್ಕೊಂಡು ಬಂದಿರ್ತಾನೆ. “ಈ ಡೌಟ್ ನಂಗೆ ತುಂಬಾ ಜನ ಹುಡುಗ್ರು ಕೇಳಿದಾರಪ್ಪ” ಅಂತ ಶುರು ಮಾಡ್ರಿ. ವೀರ್ಯ ದಿನಾ ಹೊಸದಾಗಿ ಆಗ್ತಾನೇ ಇರುತ್ತೆ, ಹೊರಗೆ ಹೋದ್ರೆ ರಕ್ತ ಕಮ್ಮಿ ಆಗಲ್ಲ, ನಿದ್ದೇಲಿ ಹೋಗೋದು ಈ ವಯಸ್ಸಿಗೆ ಸಹಜ, ಹಸ್ತಮೈಥುನದಿಂದ ಯಾವ ರೋಗಾನೂ ಬರಲ್ಲ, ಅಂತ ಖಡಾಖಂಡಿತ ಹೇಳ್ರಿ, ಎಳೀಬೇಡ್ರಿ. ತೂಕ ಇಳಿದಿದ್ರೆ, ನಿದ್ದೆ ಬರ್ತಿಲ್ಲ ಅಂದ್ರೆ ಅದಕ್ಕೆ ಬೇರೆ ಕಾರಣ ಇರುತ್ತೆ, ಅದನ್ನ ನೋಡ್ಬೇಕು.

ಹುಡುಗ್ರಿಗೆ ಇನ್ನೊಂದನ್ನ ಹೇಳ್ಲೇಬೇಕು, ಯಾರೂ ಹೇಳಿರಲ್ಲ. ಇದ್ದಕ್ಕಿದ್ದಂಗೆ ಒಂದು ಕಡೆ ಬೀಜ ಜೋರಾಗಿ ನೋವು ಬಂದು, ಊದ್ಕೊಂಡು, ವಾಂತಿ ಬರಂಗಾದ್ರೆ ನಾಚ್ಕೊಂಡು ಮನೇಲಿ ಕೂರಂಗಿಲ್ಲ. ಒಳಗೆ ನರ ತಿರುಚಿ ರಕ್ತ ಹೋಗೋದು ನಿಂತಿರ್ಬಹುದು, ಆರು ಗಂಟೆ ಒಳಗೆ ಆಪರೇಷನ್ ಆದ್ರೆ ಉಳಿಯೋ ಚಾನ್ಸ್ ಜಾಸ್ತಿ, ತಡ ಆದ್ರೆ ತೆಗೀಬೇಕಾಗುತ್ತೆ. ಮೊಳಕಾಲ್ಮೂರು, ಜಗಳೂರಿಂದ ಜಿಲ್ಲಾಸ್ಪತ್ರೆಗೆ ಬರೋ ಟೈಮೂ ಅದ್ರಲ್ಲೇ ಸೇರಿರುತ್ತೆ ಅನ್ನೋದು ನೆನಪಿರ್ಲಿ. 108ಕ್ಕೆ ಫೋನ್ ಮಾಡು, ಬೆಳಿಗ್ಗೆ ತನಕ ಕಾಯ್ಬೇಡ ಅಂತ ಹೇಳ್ರಿ. ಹುಡುಗ್ರ ಹತ್ರ ಗಂಡಸು ಸ್ಟಾಫ್ ಮಾತಾಡಿದ್ರೇ ಚೆನ್ನ ಅಂತ ಎಲ್ರೂ ಅಂತಾರೆ, ನಂಗೇನೋ ಅವನನ್ನೇ ಕೇಳೋದು ವಾಸಿ ಅನ್ಸುತ್ತೆ, ಕೆಲವ್ರಿಗೆ ಅಕ್ಕನ ವಯಸ್ಸಿನ ಸಿಸ್ಟರೇ ಆರಾಮು.

ಲವ್ವಿನ ವಿಷ್ಯ ಕೇಳೋದು ಹೆಂಗೆ? “ನಿಂಗೆ ಬಾಯ್‌ಫ್ರೆಂಡ್ ಇದಾನಾ” ಅಂದ್ರೆ “ಇಲ್ಲ ಅಕ್ಕಾ” ಅಂತ ಬರುತ್ತೆ, ಕಥೆ ಅಲ್ಲಿಗೆ ಕ್ಲೋಸ್. “ನಿಮ್ಮ ಕಾಲೇಜಲ್ಲಿ ಹುಡುಗ ಹುಡುಗಿ ಮಾತಾಡಿದ್ರೆ ಏನಂತಾರೆ? ಕೆಲವು ಹುಡುಗೀರಿಗೆ ಫೋಟೋ ಕಳ್ಸು ಅಂತ ಒತ್ತಾಯ ಮಾಡ್ತಾರಂತೆ, ನಿಮ್ಮ ಕ್ಲಾಸಲ್ಲಿ ಹಂಗೇನಾದ್ರೂ ಐತಾ?” ಅಂತ ದೂರದಿಂದ ಬಂದು ಹತ್ರ ಬರ್ಬೇಕು. ಕೇಳಿ ಸುಮ್ನಿರ್ರಿ. ಈ ಸುಮ್ನಿರೋದೇ ಬಹಳ ಕಷ್ಟ, ನಮಗೆ ಬಾಯಿ ತುರಿಕೆ, ಎರಡು ಸೆಕೆಂಡ್ ಮೌನ ಆದ್ರೆ ಬುದ್ಧಿವಾದ ಶುರು ಮಾಡ್ತೀವಿ. ‘ಯಾಕೆ’ ಅಂತ ಶುರುವಾಗೋ ಪ್ರಶ್ನೆ ಬಿಟ್ಬಿಡ್ರಿ, “ಯಾಕೆ ಹೋದೆ, ಯಾಕೆ ಹೇಳ್ಲಿಲ್ಲ” ಅಂದ್ರೆ ಅದು ಬೈಗುಳಾನೇ. “ಆಮೇಲೆ ಏನಾಯ್ತು” ಅನ್ನೋದು ಸಾಕು.

ಕೆಲವು ಹುಡುಗೀರ ಸುಸ್ತು, ತಲೆನೋವಿನ ಹಿಂದೆ ಮದುವೆ ಮಾತುಕತೆ ಇರುತ್ತೆ, ಎಸ್ಸೆಸ್ಸೆಲ್ಸಿ ಮುಗೀತಿದ್ದಂಗೆ ಮಾವನ ಮಗನಿಗೆ ಕೊಡೋಣ ಅಂತ ಮನೇಲಿ ಶುರುವಾಗಿರುತ್ತೆ. ಹುಡುಗಿಗೆ 18, ಹುಡುಗನಿಗೆ 21 ಆಗದೇ ಮದುವೆ ಮಾಡಂಗಿಲ್ಲ ಅಂತ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳುತ್ತೆ, ಕರ್ನಾಟಕದಲ್ಲಿ ತಿದ್ದುಪಡಿ ಆಗಿ ಅಂಥ ಮದುವೆ ನಡೆದ್ರೂ ಕಾನೂನಲ್ಲಿ ಮದುವೆನೇ ಅಲ್ಲ. ಮಕ್ಕಳ ಸಹಾಯವಾಣಿ 1098 ನಂಬರ್ ಬಾಯಿಪಾಠ ಮಾಡಿಸ್ರಿ, ಚೀಟಿ ಬರ್ದು ಕೊಟ್ರೆ ಮನೇಲಿ ಸಿಗುತ್ತೆ.

ಕ್ಲಾಸಲ್ಲಿ ಗುಂಪಿಗೆ ಹೇಳೋದಾದ್ರೆ ಚೀಟಿ ಡಬ್ಬಿ ಇಡ್ರಿ, ಆದ್ರೆ ಡೌಟ್ ಇರೋರು ಮಾತ್ರ ಬರೀರಿ ಅಂದ್ರೆ ಯಾರೂ ಬರೆಯಲ್ಲ. ಎಲ್ರೂ ಒಂದೇ ಥರದ ಚೀಟೀಲಿ ಏನಾದ್ರೂ ಬರೀಲೇಬೇಕು, ಪ್ರಶ್ನೆ ಇಲ್ದಿದ್ರೆ ಇವತ್ತು ಏನ್ ತಿಂಡಿ ತಿಂದ್ರಿ ಅಂತ ಬರೀರಿ ಅನ್ರಿ. ಅರ್ಧ ಚೀಟಿ ಅವಲಕ್ಕಿ, ಮಂಡಕ್ಕಿ, ದೋಸೆ ಅಂತಿರುತ್ತೆ, ಮಧ್ಯೆ ಒಂದ್ರಲ್ಲಿ “ಮುತ್ತು ಕೊಟ್ರೆ ಮಗು ಆಗುತ್ತಾ”, ಇನ್ನೊಂದ್ರಲ್ಲಿ “ನಮ್ಮ ಸಂಬಂಧಿಕರೊಬ್ಬರು ಮುಟ್ತಾರೆ” ಅಂತಾನೂ ಬರುತ್ತೆ. ಅಂಥ ಚೀಟೀನ ಜೋರಾಗಿ ಓದ್ಬೇಡ್ರಿ, ಅಕ್ಷರ ಯಾರ್ದು ಅಂತ ಕ್ಲಾಸ್ ಟೀಚರಿಗೆ ತೋರಿಸೋಕೂ ಹೋಗ್ಬೇಡ್ರಿ. “ಯಾರಾದ್ರೂ ಇಷ್ಟ ಇಲ್ದಂಗೆ ಮುಟ್ಟಿದ್ರೆ ಅದು ನಿಮ್ಮ ತಪ್ಪಲ್ಲ, ಇವತ್ತು ನಾಲ್ಕು ಗಂಟೆ ತನಕ ನಾನು ಇದೇ ರೂಮಲ್ಲಿರ್ತೀನಿ, ತೂಕ ನೋಡೋಕೆ ಒಬ್ಬೊಬ್ರಾಗಿ ಬರ್ರಿ” ಅಂತ ಎಲ್ರಿಗೂ ಸೇರಿಸಿ ಹೇಳಿ, ನಿಜವಾಗ್ಲೂ ಎಲ್ರದ್ದೂ ತೂಕ ನೋಡ್ರಿ.

ಬೇರೆ ಕಡೆ ಕಳಿಸ್ಬೇಕಾದ್ರೆ “ಜಿಲ್ಲಾಸ್ಪತ್ರೆಗೆ ಹೋಗು” ಅಂದ್ರೆ ಹೋಗಲ್ಲ. ದಾವಣಗೆರೆ ಜಿಲ್ಲಾಸ್ಪತ್ರೆ ಅಂದ್ರೆ ಚಿಗಟೇರಿ ಆಸ್ಪತ್ರೆ, ಅದು ಅಷ್ಟು ದೊಡ್ಡದು, ಒಳಗೆ ಹೋದ್ರೆ ದೊಡ್ಡೋರಿಗೇ ದಿಕ್ಕು ತಪ್ಪುತ್ತೆ. ಯಾವ ರೂಮು, ಎಷ್ಟೊತ್ತಿಗೆ, ಚೀಟಿ ಎಲ್ಲಿ ಮಾಡಿಸ್ಬೇಕು, ಒಳಗೆ ಏನ್ ಕೇಳ್ತಾರೆ, ಬಟ್ಟೆ ತೆಗೀಬೇಕಾಗುತ್ತಾ ಇಲ್ವಾ ಅಂತೆಲ್ಲಾ ಮೊದ್ಲೇ ಹೇಳಿ, ಆಗೋದಾದ್ರೆ ಆಶಾನ ಜೊತೆಗೆ ಕಳಿಸ್ರಿ. ಮನಸ್ಸು ತುಂಬಾ ಕುಗ್ಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ನಿಮ್ಮ ಫೋನಿಂದ್ಲೇ ಮಾಡಿ ಕೊಡ್ರಿ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಮಾತೇನಾದ್ರೂ ಬಂದ್ರೆ ಮಾತ್ರ ಅವಳನ್ನ ಒಬ್ಳನ್ನೇ ಬಿಡ್ಬೇಡ್ರಿ, ಮನೆಯವ್ರೋ ವಾರ್ಡನ್ನೋ ಜೊತೆಗಿರೋ ತನಕ ಬಸ್ ಹತ್ತಿಸ್ಬೇಡ್ರಿ.

ಹೊರಡುವಾಗ ಮತ್ತೆ ಬರೋಕೆ ಒಂದು ನೆಪ ಕೊಟ್ಟು ಕಳಿಸ್ರಿ. “ಏನಾದ್ರೂ ಇದ್ರೆ ಬಾ” ಅಂದ್ರೆ ಬರಲ್ಲ, ಏನೋ ಇದೆ ಅಂತ ಮನೆಯವರಿಗೆ ಗೊತ್ತಾಗುತ್ತಲ್ಲ. “ಮುಂದಿನ ಗುರುವಾರ ರಕ್ತ ಇನ್ನೊಂದ್ಸಲ ಚೆಕ್ ಮಾಡ್ಬೇಕು, ಕಾರ್ಡ್ ತಗೊಂಡ್ ಬಾ” ಅಂತ ಕಾರ್ಡಿನ ಮೇಲೆ ತಾರೀಕು ಹಾಕಿ ಕೊಡ್ರಿ. ಆ ಗುರುವಾರ ಬೇರೆ ಮೀಟಿಂಗ್ ಒಪ್ಕೊಬೇಡ್ರಿ.